ಅಪ್‌ಡೇಟ್ ಆದ ಮೇಲೆ ವೈಫೈ ಕೈಕೊಟ್ಟರೆ: ಲಕ್ಷಣ ಹಿಡಿದು ದೋಷ ಹುಡುಕುವ ಕೈಪಿಡಿ

ರಾತ್ರಿ ಸರಿಯಾಗಿಯೇ ಇದ್ದ ಕಂಪ್ಯೂಟರ್ ಬೆಳಿಗ್ಗೆ ಅಪ್‌ಡೇಟ್ ಮುಗಿಸಿ ತೆರೆದುಕೊಂಡಾಗ ವೈಫೈ ಇಲ್ಲವಾಗಿದ್ದರೆ, ಹೆಚ್ಚಿನವರಿಗೆ ಹೊಳೆಯುವುದು ಎರಡೇ ಮಾತು: ಅಡಾಪ್ಟರ್ (ವೈಫೈ ಕಾರ್ಡು) ಸುಟ್ಟುಹೋಗಿರಬೇಕು, ಇಲ್ಲವೇ ಇಡೀ ವ್ಯವಸ್ಥೆಯನ್ನೇ ಅಳಿಸಿ ಹೊಸದಾಗಿ ಹಾಕಬೇಕು. ಬಹುತೇಕ ಸಂದರ್ಭಗಳಲ್ಲಿ ಎರಡೂ ನಿಜವಲ್ಲ. ವೈಫೈ ನಡೆಯಬೇಕಾದರೆ ಕಾರ್ಡು, ಆ ಕಾರ್ಡಿನೊಳಗೆ ಓಡುವ ಫರ್ಮ್‌ವೇರ್, ಅದರೊಡನೆ ಮಾತಾಡುವ ಡ್ರೈವರ್, ಜಾಲಗಳನ್ನು ಹುಡುಕಿ ಜೋಡಿಸುವ ಹಿನ್ನೆಲೆ ಸೇವೆ, ಕೊನೆಗೆ ನಾವು ಉಳಿಸಿಟ್ಟ ಪಾಸ್‌ವರ್ಡು ಮತ್ತು ಸೆಟ್ಟಿಂಗ್‌ಗಳು ಒಂದಕ್ಕೊಂದು ಹೊಂದಿಕೊಂಡಿರಬೇಕು. ಅಪ್‌ಡೇಟ್ ಸಾಮಾನ್ಯವಾಗಿ ಕಾರ್ಡನ್ನು ಕೆಡಿಸುವುದಿಲ್ಲ. ಅದರ ಮೇಲಿನ ಪದರಗಳಲ್ಲಿ ಯಾವುದೋ ಒಂದನ್ನು ಬದಲಿಸಿರುತ್ತದೆ. ಯಾವುದು ಬದಲಾಯಿತು ಎಂಬುದನ್ನು ಪರದೆಯ ಮೇಲೆ ಕಾಣುವ ಲಕ್ಷಣವೇ ಬಹುಮಟ್ಟಿಗೆ ಹೇಳಿಬಿಡುತ್ತದೆ. ಆದ್ದರಿಂದ ಮೊದಲಿನ ಸಿದ್ಧತೆಯ ಭಾಗವನ್ನು ಓದಿಕೊಂಡು, ಆಮೇಲೆ ನಿಮ್ಮ ಕಂಪ್ಯೂಟರಿನ ಲಕ್ಷಣಕ್ಕೆ ಹೊಂದುವ ಭಾಗಕ್ಕೆ ನೇರವಾಗಿ ಹೋಗಬಹುದು. ವಿವರಣೆ ಮುಖ್ಯವಾಗಿ ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದೆ. ಲಿನಕ್ಸ್ ಮತ್ತು ಮ್ಯಾಕ್ ಬಳಸುವವರಿಗೆ ಮುಂದೆ ಬೇರೆ ಭಾಗಗಳಿವೆ.

ಏನನ್ನೂ ಬದಲಿಸುವ ಮೊದಲು

ದೋಷ ಕಂಪ್ಯೂಟರಿನಲ್ಲಿಯೇ ಇದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ಕಂಪ್ಯೂಟರ್ ಇರುವ ಜಾಗದಲ್ಲಿಯೇ ಅದೇ ವೈಫೈಗೆ ಸೇರಿಸಿ ನೋಡಿ. ಪುಟಗಳು ತೆರೆದುಕೊಂಡರೆ ರೌಟರ್ ಸರಿಯಿದೆ. ಫೋನಿಗೂ ಸಿಗದಿದ್ದರೆ ರೌಟರನ್ನು ಆರಿಸಿ, ಒಂದು ನಿಮಿಷ ಬಿಟ್ಟು ಹಚ್ಚಿ. ಅಪ್‌ಡೇಟ್ ಆದ ದಿನವೇ ರೌಟರ್ ಕೈಕೊಡುವುದು ಕಾಕತಾಳೀಯವಾದರೂ ನಡೆಯದ ಸಂಗತಿಯಲ್ಲ.

ಎರಡನೆಯದಾಗಿ, ಇಂಟರ್‌ನೆಟ್‌ಗೆ ಇನ್ನೊಂದು ದಾರಿಯನ್ನು ಮಾಡಿಟ್ಟುಕೊಳ್ಳಿ. ಈ ಕೆಲಸದಲ್ಲಿ ಜನ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲಿಯೇ: ಹಳೆಯ ಡ್ರೈವರನ್ನು ತೆಗೆದುಹಾಕಿದ ಮೇಲೆ ಹೊಸದನ್ನು ಇಳಿಸಿಕೊಳ್ಳಲು ಸಂಪರ್ಕವೇ ಇರುವುದಿಲ್ಲ. ರೌಟರಿನಿಂದ ಕಂಪ್ಯೂಟರಿಗೆ ನೇರ ಕೇಬಲ್ ಹಾಕಬಹುದು. ಕೇಬಲ್ ತೂತೇ ಇಲ್ಲದ ತೆಳು ಲ್ಯಾಪ್‌ಟಾಪ್ ಆದರೆ, ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಕು. ಫೋನು ಕಂಪ್ಯೂಟರಿಗೆ ಒಂದು ತಂತಿ ಜಾಲದಂತೆ ಕಾಣಿಸಿಕೊಳ್ಳುತ್ತದೆ. ಇದಕ್ಕೆ ವೈಫೈ ಅಡಾಪ್ಟರಿನ ನೆರವೇ ಬೇಕಾಗಿಲ್ಲ. ಆಗ ಅಪ್‌ಡೇಟ್‌ಗಳು ಫೋನಿನ ಡೇಟಾವನ್ನು ಹಿನ್ನೆಲೆಯಲ್ಲಿ ಎಳೆದುಕೊಳ್ಳದಂತೆ ಆ ಸಂಪರ್ಕವನ್ನು ಮೀಟರ್ಡ್ ಎಂದು ಗುರುತಿಸುವುದು ಒಳ್ಳೆಯದು.

ಮೂರನೆಯದು ಬಿಟ್‌ಲಾಕರ್ ಎಂಬ, ವಿಂಡೋಸ್‌ನ ಡಿಸ್ಕ್ ರಕ್ಷಣೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅನೇಕವು ಡಿಸ್ಕನ್ನು ಬಳಕೆದಾರರ ಗಮನಕ್ಕೆ ಬಾರದಂತೆಯೇ ಗೂಢಲಿಪಿಯಲ್ಲಿ ಇಟ್ಟಿರುತ್ತವೆ. ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ ಮೂಲ ತಂತ್ರಾಂಶ) ಸೆಟ್ಟಿಂಗ್ ಬದಲಿಸಿದರೆ ಅಥವಾ ರಿಕವರಿ ಪರದೆಗೆ ಹೋದರೆ ಕಂಪ್ಯೂಟರ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಇಲ್ಲದಿದ್ದರೆ ವೈಫೈ ಹೋಗಲಿ, ಕಡತಗಳೇ ಕೈಗೆ ಸಿಗುವುದಿಲ್ಲ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇದೆಯೇ ಎಂದು ಇನ್ನೊಂದು ಸಾಧನದಿಂದ ನೋಡಿ ಬರೆದಿಟ್ಟುಕೊಳ್ಳಿ. ಬಹಳ ಮುಖ್ಯವಾದ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಲು ಇದೇ ಸರಿಯಾದ ಸಮಯ.

ಇನ್ನೊಂದು ಶಿಸ್ತು: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪರಿಣಾಮ ನೋಡಿ, ಕಾಗದದ ಮೇಲೆ ಬರೆಯಿರಿ. ಒಟ್ಟಿಗೆ ಐದು ಕೆಲಸ ಮಾಡಿ ವೈಫೈ ಬಂದರೆ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ, ಮುಂದಿನ ಅಪ್‌ಡೇಟ್‌ನಲ್ಲಿ ಮತ್ತೆ ತಲೆಬುಡದಿಂದ ಹುಡುಕಬೇಕಾಗುತ್ತದೆ. ಹಾಗೆಯೇ ಜಾಹೀರಾತುಗಳಲ್ಲಿ ಬರುವ, ಎಲ್ಲ ಡ್ರೈವರ್‌ಗಳನ್ನೂ ತಾನೇ ಸರಿಪಡಿಸುತ್ತೇನೆ ಎನ್ನುವ ತಂತ್ರಾಂಶಗಳನ್ನು ದಯವಿಟ್ಟು ಹಾಕಿಕೊಳ್ಳಬೇಡಿ. ಅವು ತಪ್ಪು ಡ್ರೈವರ್ ಕೂರಿಸಿದ್ದನ್ನೂ, ಬೇಡದ ತಂತ್ರಾಂಶಗಳನ್ನು ಜೊತೆಗೆ ತಂದದ್ದನ್ನೂ ನಾನು ಕಂಡಿದ್ದೇನೆ.

ಲಕ್ಷಣ: ವೈಫೈ ಗುಂಡಿ ಕಾಣುತ್ತದೆ, ಆದರೆ ಆನ್ ಆಗುವುದಿಲ್ಲ

ಇದು ಅತ್ಯಂತ ಸುಲಭದ ಪ್ರಕರಣ. ಏರೋಪ್ಲೇನ್ ಮೋಡ್ ಆನ್ ಆಗಿದೆಯೇ ನೋಡಿ. ಕೀಬೋರ್ಡಿನ ಮೇಲ್ಸಾಲಿನಲ್ಲಿ ವಿಮಾನದ ಅಥವಾ ಅಲೆಗಳ ಚಿತ್ರವಿರುವ ಕೀಲಿಯನ್ನು ಎಫ್‌ಎನ್ ಕೀಲಿಯೊಡನೆ ಒತ್ತಿ ನೋಡಿ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಅಂಚಿನಲ್ಲೊಂದು ಜಾರುವ ಸ್ವಿಚ್ ಕೂಡ ಇರುತ್ತದೆ. ಗುಂಡಿ ಆನ್ ಆದಂತೆ ಮಾಡಿ ಕೂಡಲೇ ಆಫ್ ಆಗುತ್ತಿದ್ದರೆ, ಕೀಬೋರ್ಡ್ ಕೀಲಿಗಳನ್ನು ನಿಭಾಯಿಸುವ ತಯಾರಕರ ಸಣ್ಣ ತಂತ್ರಾಂಶ ಹೊಸ ಆವೃತ್ತಿಯೊಡನೆ ಹೊಂದಿಕೊಳ್ಳುತ್ತಿಲ್ಲ ಎಂಬ ಅನುಮಾನ ಬರಬೇಕು. ತಯಾರಕರ ತಾಣದಲ್ಲಿ ನಿಮ್ಮ ಮಾದರಿಯ ಪುಟಕ್ಕೆ ಹೋಗಿ ಅದರ ಹೊಸ ಆವೃತ್ತಿಯನ್ನು ಹಾಕಿದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ.

ಲಕ್ಷಣ: ವೈಫೈ ಎಂಬ ಆಯ್ಕೆಯೇ ಮಾಯವಾಗಿದೆ

ಅಪ್‌ಡೇಟ್ ನಂತರದ ದೂರುಗಳಲ್ಲಿ ಜನರನ್ನು ಹೆಚ್ಚು ಗಾಬರಿಗೊಳಿಸುವುದು ಇದೇ. ಆಯ್ಕೆ ಕಾಣದಿರುವುದರ ಅರ್ಥ, ವಿಂಡೋಸ್‌ಗೆ ಕೆಲಸ ಮಾಡುವ ವೈಫೈ ಅಡಾಪ್ಟರ್ ಒಂದೂ ಕಾಣುತ್ತಿಲ್ಲ ಎಂದಷ್ಟೆ. ಅಡಾಪ್ಟರ್ ಸತ್ತಿದೆ ಎಂದಲ್ಲ.

ಮೊದಲು ಕಂಪ್ಯೂಟರಿಗೆ ನಿಜವಾದ ವಿಶ್ರಾಂತಿ ಕೊಡಿ. ವಿಂಡೋಸ್ 8ರಿಂದೀಚೆಗೆ ಬಂದಿರುವ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯದಿಂದಾಗಿ ಶಟ್‌ಡೌನ್ ಎಂಬುದು ಪೂರ್ಣ ಶಟ್‌ಡೌನ್ ಅಲ್ಲ. ವ್ಯವಸ್ಥೆಯ ತಿರುಳು ಡಿಸ್ಕಿನಲ್ಲಿ ಮಲಗಿ, ಮರುದಿನ ಅದೇ ಸ್ಥಿತಿಯಲ್ಲಿ ಏಳುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲವೂ ಹೊಸದಾಗಿ ಮೊದಲಾಗುತ್ತದೆ. ಹಾಗಾಗಿ ಆರಿಸಿ ಹಚ್ಚುವುದಲ್ಲ, ಎರಡು ಸಲ ರೀಸ್ಟಾರ್ಟ್ ಮಾಡಿ. ಬಾರದಿದ್ದರೆ ಶಿಫ್ಟ್ ಕೀಲಿ ಒತ್ತಿಹಿಡಿದು ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಪವರ್ ಗುಂಡಿಯನ್ನು 30 ಸೆಕೆಂಡ್ ಒತ್ತಿಹಿಡಿಯಿರಿ. ಮೇಜಿನ ಕಂಪ್ಯೂಟರ್ ಆದರೆ ಗೋಡೆಯ ಪ್ಲಗ್ ತೆಗೆದು ಹೀಗೆಯೇ ಮಾಡಿ. ಕಾರ್ಡಿನೊಳಗಿನ ಫರ್ಮ್‌ವೇರ್ ಅಪ್‌ಡೇಟ್ ನಡುವೆ ಸ್ತಬ್ಧವಾಗಿದ್ದರೆ, ಬರೀ ರೀಸ್ಟಾರ್ಟ್‌ನಲ್ಲಿ ಕಾರ್ಡಿಗೆ ಹರಿಯುವ ಸಣ್ಣ ವಿದ್ಯುತ್ ನಿಲ್ಲುವುದಿಲ್ಲವಾದ್ದರಿಂದ ಅದು ಸ್ತಬ್ಧವಾಗಿಯೇ ಉಳಿಯುತ್ತದೆ. ಉಳಿದ ವಿದ್ಯುತ್ತೆಲ್ಲ ಇಳಿದ ಮೇಲೆ ತಾನಾಗಿ ಚೇತರಿಸಿಕೊಳ್ಳುತ್ತದೆ. ಒಂದು ರೂಪಾಯಿ ಖರ್ಚಿಲ್ಲದ, ಎರಡು ನಿಮಿಷದ ಈ ಉಪಾಯವನ್ನು ಯಾರೂ ಬಿಟ್ಟುಬಿಡಬಾರದು.

ಅದಾದ ಮೇಲೆ ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ನೆಟ್‌ವರ್ಕ್ ಅಡಾಪ್ಟರ್ಸ್ ಎಂಬ ಗುಂಪನ್ನು ಬಿಡಿಸಿ. ವೈರ್‌ಲೆಸ್, ವೈಫೈ ಅಥವಾ 802.11 ಎಂಬ ಪದವಿರುವ ಸಾಲು ಯಾವ ಸ್ಥಿತಿಯಲ್ಲಿದೆ ಎಂಬುದರ ಮೇಲೆ ಮುಂದಿನ ದಾರಿ ನಿಲ್ಲುತ್ತದೆ.

ಸಾಲಿನ ಮೇಲೆ ಕೆಳಮುಖದ ಸಣ್ಣ ಬಾಣವಿದ್ದರೆ ಅಡಾಪ್ಟರನ್ನು ನಿಷ್ಕ್ರಿಯಗೊಳಿಸಲಾಗಿದೆ, ಅಷ್ಟೆ. ಬಲ ಕ್ಲಿಕ್ ಮಾಡಿ ಎನೇಬಲ್ ಒತ್ತಿ. ಪ್ರಾಪರ್ಟೀಸ್‌ನಲ್ಲಿ ಇದು ಕೋಡ್ 22 ಎಂದು ಕಾಣುತ್ತದೆ.

ಹಳದಿ ತ್ರಿಕೋನವಿದ್ದರೆ ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ಡಿವೈಸ್ ಸ್ಟೇಟಸ್ ಎಂಬಲ್ಲಿ ಬರೆದಿರುವ ಕೋಡನ್ನು ಗುರುತು ಮಾಡಿಕೊಳ್ಳಿ. ಕೋಡ್ 10 ಎಂದರೆ ಡ್ರೈವರ್ ಇದೆ, ಆದರೆ ಸಾಧನವನ್ನು ಆರಂಭಿಸಲು ಆಗಲಿಲ್ಲ; ಅಪ್‌ಡೇಟ್ ನಂತರ ಇದು ಬಂದರೆ ಹೊಸ ಡ್ರೈವರ್ ಕಾರ್ಡಿಗೆ ಹೊಂದುತ್ತಿಲ್ಲ ಎಂದೇ ಮೊದಲು ಭಾವಿಸಬೇಕು. ಕೋಡ್ 28 ಎಂದರೆ ಡ್ರೈವರೇ ಇಲ್ಲ. ಕೋಡ್ 43 ಎಂದರೆ ಸಾಧನ ತಾನೇ ತೊಂದರೆ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಇದು ಡ್ರೈವರ್ ದೋಷವೂ ಆಗಬಹುದು, ಯಂತ್ರಾಂಶದ ದೋಷವೂ ಆಗಬಹುದು. ಕೋಡ್ 52 ಡ್ರೈವರಿನ ಡಿಜಿಟಲ್ ಸಹಿ ಪರಿಶೀಲನೆಯಾಗಲಿಲ್ಲ ಎನ್ನುತ್ತದೆ. ಆ ಸಹಿ ಪರಿಶೀಲನೆಯನ್ನೇ ಶಾಶ್ವತವಾಗಿ ಆಫ್ ಮಾಡುವ ಸಲಹೆಗಳು ಅಲ್ಲಲ್ಲಿ ಸಿಗುತ್ತವೆ. ಮನೆಯ ಬಾಗಿಲು ಬಿಗಿಯಾಯಿತೆಂದು ಚಿಲಕವನ್ನೇ ಕಿತ್ತುಹಾಕಿದಂತೆ ಅದು, ಮಾಡಬೇಡಿ. ಸಹಿಯಿರುವ ಡ್ರೈವರನ್ನು ತಯಾರಕರಿಂದ ತರುವುದೇ ಸರಿ. ಹಳೆಯ ಕಾರ್ಡುಗಳಲ್ಲಿ ವಿಂಡೋಸ್ ಸೆಕ್ಯುರಿಟಿಯ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆಯೂ ಹೊಂದಾಣಿಕೆಯಿಲ್ಲದ ಡ್ರೈವರನ್ನು ತಡೆಹಿಡಿಯುತ್ತದೆ, ಅಂಥ ಡ್ರೈವರಿನ ಹೆಸರನ್ನು ಆ ಪುಟದಲ್ಲಿಯೇ ಪಟ್ಟಿ ಮಾಡಿ ತೋರಿಸಬಲ್ಲದು.

ಡ್ರೈವರ್ ಬದಲಾದುದೇ ಕಾರಣವೆಂದು ಕಂಡಾಗ ಮೊದಲ ಮದ್ದು ಹಿಂದಕ್ಕೆ ಹೋಗುವುದು. ಪ್ರಾಪರ್ಟೀಸ್‌ನ ಡ್ರೈವರ್ ಪುಟದಲ್ಲಿ ಈಗಿನ ಆವೃತ್ತಿ ಮತ್ತು ದಿನಾಂಕವನ್ನು ಬರೆದುಕೊಂಡು, ರೋಲ್ ಬ್ಯಾಕ್ ಡ್ರೈವರ್ ಒತ್ತಿ. ಆ ಗುಂಡಿ ಮಸುಕಾಗಿದ್ದರೆ ಹಿಂದಿನ ಡ್ರೈವರಿನ ಪ್ರತಿ ಉಳಿದಿಲ್ಲ ಎಂದರ್ಥ. ಆದರೂ ಇನ್ನೊಂದು ದಾರಿಯಿದೆ: ಅಪ್‌ಡೇಟ್ ಡ್ರೈವರ್ ಒತ್ತಿ, ಕಂಪ್ಯೂಟರಿನಲ್ಲಿಯೇ ಹುಡುಕುವ ಆಯ್ಕೆಯನ್ನು ತೆಗೆದುಕೊಂಡು, ಅದರ ಕೆಳಗಿರುವ, ಲಭ್ಯ ಡ್ರೈವರ್‌ಗಳ ಪಟ್ಟಿಯಿಂದ ನಾನೇ ಆರಿಸುತ್ತೇನೆ ಎಂಬ ಸಾಲನ್ನು ಒತ್ತಿ. ಒಂದೇ ಕಾರ್ಡಿನ ಎರಡು ಮೂರು ಆವೃತ್ತಿಗಳು ಅಲ್ಲಿ ಕಾಣುವುದುಂಟು. ಅವುಗಳಲ್ಲಿ ಹಳೆಯ ದಿನಾಂಕದ್ದನ್ನು ಆರಿಸಿ ನೋಡಬಹುದು. ರೋಲ್ ಬ್ಯಾಕ್ ಇಲ್ಲವೆಂದು ಕೈಚೆಲ್ಲಿದವರಲ್ಲಿ ಹಲವರಿಗೆ ಈ ಪಟ್ಟಿಯೇ ನೆರವಾಗಿದೆ, ಆದರೆ ಅದು ಮೂರು ಪರದೆಗಳ ಹಿಂದೆ ಅಡಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಸಾಲೇ ಇಲ್ಲದೆ, ಅದರ್ ಡಿವೈಸಸ್ ಗುಂಪಿನಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಅಥವಾ ಅನ್‌ನೋನ್ ಡಿವೈಸ್ ಎಂದು ಕಂಡರೆ ಸಮಾಧಾನಪಡಿ: ಕಾರ್ಡು ಜೀವಂತವಾಗಿದೆ, ಅದರ ಗುರುತು ಮಾತ್ರ ಸಿಕ್ಕಿಲ್ಲ. ಪ್ರಾಪರ್ಟೀಸ್‌ನ ಡೀಟೇಲ್ಸ್ ಪುಟದಲ್ಲಿ ಹಾರ್ಡ್‌ವೇರ್ ಐಡೀಸ್ ಆರಿಸಿದರೆ ಉದ್ದನೆಯ ಸಾಲೊಂದು ಕಾಣುತ್ತದೆ. ಒಳಗಿನ ಕಾರ್ಡಾದರೆ ಅದರಲ್ಲಿ ವಿಇಎನ್ ಎಂಬ ಅಕ್ಷರಗಳ ಮುಂದಿರುವ ನಾಲ್ಕು ಚಿಹ್ನೆಗಳು ಚಿಪ್ ತಯಾರಕರನ್ನು ಹೇಳುತ್ತವೆ: 8086 ಇಂಟೆಲ್, 10ಇಸಿ ರಿಯಲ್‌ಟೆಕ್, 14ಸಿ3 ಮೀಡಿಯಾಟೆಕ್, 168ಸಿ ಕ್ವಾಲ್‌ಕಾಮ್ ಅಥೆರೋಸ್, 14ಇ4 ಬ್ರಾಡ್‌ಕಾಮ್. ಡ್ರೈವರ್ ಇಳಿಸಿಕೊಳ್ಳುವಾಗ ಮೊದಲು ಲ್ಯಾಪ್‌ಟಾಪ್ ತಯಾರಕರ ತಾಣದಲ್ಲಿ ನಿಮ್ಮ ನಿಖರ ಮಾದರಿಯ ಪುಟವನ್ನು ನೋಡಿ, ಅಲ್ಲಿ ಇಲ್ಲದಿದ್ದರೆ ಚಿಪ್ ತಯಾರಕರ ತಾಣಕ್ಕೆ ಹೋಗಿ. ಮೂರನೆಯ ತಾಣದ ಅಗತ್ಯ ತೀರಾ ಅಪರೂಪ.

ಡ್ರೈವರ್ ಅರ್ಧಂಬರ್ಧ ಕೂತಿರುವ ಅನುಮಾನವಿದ್ದರೆ ಅನ್‌ಇನ್‌ಸ್ಟಾಲ್ ಡಿವೈಸ್ ಒತ್ತಿ, ಡ್ರೈವರನ್ನೂ ಅಳಿಸುವ ಚೌಕದಲ್ಲಿ ಗುರುತು ಹಾಕದೆ, ರೀಸ್ಟಾರ್ಟ್ ಮಾಡಿ. ವಿಂಡೋಸ್ ಅದನ್ನು ಮತ್ತೆ ಕೂರಿಸುತ್ತದೆ. ಆ ಚೌಕದಲ್ಲಿ ಗುರುತು ಹಾಕುವುದು, ಸರಿಯಾದ ಡ್ರೈವರಿನ ಕಡತ ಈಗಾಗಲೇ ಡಿಸ್ಕಿನಲ್ಲಿದ್ದಾಗ ಮಾತ್ರ.

ಎಲ್ಲಿಯೂ ಏನೂ ಕಾಣದಿದ್ದರೆ, ವ್ಯೂ ಪಟ್ಟಿಯಲ್ಲಿ ಶೋ ಹಿಡನ್ ಡಿವೈಸಸ್ ಆರಿಸಿ. ವೈಫೈ ಸಾಲು ಮಸುಕಾಗಿ ಕಂಡು ಕೋಡ್ 45 ತೋರಿಸಿದರೆ, ಕಾರ್ಡು ಈಗ ಜೋಡಣೆಯಾಗಿಲ್ಲ ಎಂದು ವ್ಯವಸ್ಥೆ ತಿಳಿದಿದೆ. ಇಲ್ಲಿ ಬ್ಲೂಟೂತ್ ಒಳ್ಳೆಯ ಸಾಕ್ಷಿ. ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಮತ್ತು ಬ್ಲೂಟೂತ್ ಸಾಮಾನ್ಯವಾಗಿ ಒಂದೇ ಕಾರ್ಡಿನಲ್ಲಿರುತ್ತವೆ, ಆದರೆ ಬ್ಲೂಟೂತ್ ಒಳಗಿನ ಯುಎಸ್‌ಬಿ ಹಾದಿಯಿಂದ ಬೇರೆಯಾಗಿ ಮಾತಾಡುತ್ತದೆ. ಬ್ಲೂಟೂತ್ ನಡೆಯುತ್ತಿದ್ದು ವೈಫೈ ಮಾತ್ರ ಇಲ್ಲವಾಗಿದ್ದರೆ ಕಾರ್ಡಿಗೆ ವಿದ್ಯುತ್ ತಲುಪುತ್ತಿದೆ, ತೊಂದರೆ ಮೇಲಿನ ಪದರದಲ್ಲಿರುವ ಸಾಧ್ಯತೆ ಹೆಚ್ಚು. ಎರಡೂ ಒಟ್ಟಿಗೆ ಹೋಗಿದ್ದರೆ ಕಾರ್ಡು, ಅದರ ಸಂಪರ್ಕ ಅಥವಾ ಬಯಾಸ್ ಸೆಟ್ಟಿಂಗ್ ಕಡೆ ಗಮನ ಹರಿಸಬೇಕು. ಆ ಭಾಗ ಕೊನೆಯಲ್ಲಿದೆ.

ಲಕ್ಷಣ: ಅಡಾಪ್ಟರ್ ಸರಿಯಿದೆ ಎನ್ನುತ್ತದೆ, ಆದರೆ ಜಾಲಗಳ ಪಟ್ಟಿ ಖಾಲಿ

ಜಾಲಗಳನ್ನು ಹುಡುಕುವ ಕೆಲಸ ಡ್ರೈವರೊಂದರದ್ದೇ ಅಲ್ಲ, ಅದನ್ನು ನಡೆಸುವುದು ಡಬ್ಲ್ಯುಲ್ಯಾನ್ ಆಟೋಕಾನ್ಫಿಗ್ ಎಂಬ ಹಿನ್ನೆಲೆ ಸೇವೆ. ಸರ್ವಿಸಸ್ ಎಂದು ಹುಡುಕಿ ತೆರೆದು, ಆ ಸೇವೆ ರನ್ನಿಂಗ್ ಸ್ಥಿತಿಯಲ್ಲಿದೆಯೇ, ಸ್ಟಾರ್ಟಪ್ ಟೈಪ್ ಆಟೋಮ್ಯಾಟಿಕ್ ಆಗಿದೆಯೇ ನೋಡಿ. ನಿಂತಿದ್ದರೆ ಆರಂಭಿಸಿ.

ಸೇವೆ ನಡೆಯುತ್ತಿದ್ದೂ ಪಟ್ಟಿ ಖಾಲಿಯಿದ್ದರೆ ವಿಪಿಎನ್ (ಸಂಪರ್ಕವನ್ನು ಗುಪ್ತ ಹಾದಿಯಲ್ಲಿ ಒಯ್ಯುವ) ಮತ್ತು ಹೊರಗಿನ ಆಂಟಿವೈರಸ್ ತಂತ್ರಾಂಶಗಳನ್ನು ನೋಡಬೇಕು. ಇವು ಅಡಾಪ್ಟರಿನ ಮೇಲೆ ತಮ್ಮದೇ ಶೋಧಕ (ಫಿಲ್ಟರ್) ಪದರವನ್ನು ಕೂರಿಸಿಕೊಂಡಿರುತ್ತವೆ; ವ್ಯವಸ್ಥೆ ಹೊಸದಾಗಿ, ಆ ಪದರ ಹಳೆಯದಾಗಿಯೇ ಉಳಿದರೆ ಹಾದಿ ಕಟ್ಟಿಕೊಳ್ಳುತ್ತದೆ. 2015ರಲ್ಲಿ ವಿಂಡೋಸ್ 10ಕ್ಕೆ ಬಂದ ಅನೇಕ ಕಂಪ್ಯೂಟರ್‌ಗಳಲ್ಲಿ ವೈಫೈ ಜಾಲಗಳು ಕಾಣದೇ ಹೋದದ್ದು ಹಳೆಯ ವಿಪಿಎನ್ ತಂತ್ರಾಂಶಗಳು ಬಿಟ್ಟುಹೋದ ಇಂಥ ಪದರದಿಂದಲೇ. ತಂತ್ರಾಂಶವನ್ನು ಸುಮ್ಮನೆ ಆಫ್ ಮಾಡಿದರೆ ಸಾಲದು, ಪೂರ್ತಿ ತೆಗೆದು ರೀಸ್ಟಾರ್ಟ್ ಮಾಡಿ ಪರೀಕ್ಷಿಸಿ, ಆಮೇಲೆ ಹೊಸ ಆವೃತ್ತಿಯನ್ನು ಹಾಕಿಕೊಳ್ಳಿ. ಆಂಟಿವೈರಸ್ ತೆಗೆದ ಅವಧಿಯಲ್ಲಿ ವಿಂಡೋಸ್‌ನ ಸ್ವಂತ ರಕ್ಷಣೆ ಆನ್ ಆಗಿದೆಯೇ ಎಂದು ನೋಡಿಕೊಳ್ಳಿ.

ಲಕ್ಷಣ: ಅಕ್ಕಪಕ್ಕದ ಜಾಲಗಳೆಲ್ಲ ಕಾಣುತ್ತವೆ, ನಮ್ಮದು ಮಾತ್ರ ಇಲ್ಲ

ನಿಮ್ಮ ರೌಟರ್ ಬಳಸುತ್ತಿರುವ ತರಂಗಾಂತರ ಅಥವಾ ಚಾನೆಲ್ ಹೊಸ ಡ್ರೈವರಿಗೆ ಕಾಣುತ್ತಿಲ್ಲ ಎಂಬುದೇ ಇದರ ಸಾಮಾನ್ಯ ಅರ್ಥ. ಡಿವೈಸ್ ಮ್ಯಾನೇಜರಿನಲ್ಲಿ ಅಡಾಪ್ಟರಿನ ಅಡ್ವಾನ್ಸ್ಡ್ ಪುಟ ತೆರೆದು, 5 ಗಿಗಾಹರ್ಟ್ಸ್ ಬ್ಯಾಂಡ್ ಆಫ್ ಆಗಿದೆಯೇ ನೋಡಿ. ಡ್ರೈವರ್ ಬದಲಾದಾಗ ಈ ಪುಟದ ಆಯ್ಕೆಗಳು ಮೂಲಸ್ಥಿತಿಗೆ ಮರಳುವುದುಂಟು. 2.4 ಗಿಗಾಹರ್ಟ್ಸ್‌ನಲ್ಲಿ ರೌಟರ್ 12 ಅಥವಾ 13ನೇ ಚಾನೆಲ್ ಹಿಡಿದಿದ್ದರೆ, ದೇಶವಾರು ನಿಯಮವನ್ನು ಬಿಗಿಯಾಗಿ ಪಾಲಿಸುವ ಡ್ರೈವರ್ ಅದನ್ನು ತೋರಿಸದೆ ಇರಬಹುದು. ರೌಟರಿನಲ್ಲಿ 1, 6 ಅಥವಾ 11ನ್ನು ಆರಿಸಿದರೆ ಮುಗಿಯಿತು. 6 ಗಿಗಾಹರ್ಟ್ಸ್ ಜಾಲವಾದರೆ ಅದಕ್ಕೆ ಡಬ್ಲ್ಯುಪಿಎ3 ಭದ್ರತೆ ಕಡ್ಡಾಯ ಎಂಬುದನ್ನು ಮರೆಯಬೇಡಿ.

ಲಕ್ಷಣ: ಜಾಲ ಕಾಣುತ್ತದೆ, ಪಾಸ್‌ವರ್ಡ್ ಸರಿಯಿದ್ದರೂ ಸೇರಲಾಗುವುದಿಲ್ಲ

ಅಡಾಪ್ಟರ್ ಆರೋಗ್ಯವಾಗಿದೆ, ಈಗ ನೋಡಬೇಕಾದದ್ದು ರೌಟರ್ ಮತ್ತು ಕಂಪ್ಯೂಟರ್ ನಡುವಿನ ಒಪ್ಪಂದವನ್ನು. ವೈಫೈ ಸೆಟ್ಟಿಂಗ್‌ನಲ್ಲಿ ಉಳಿಸಿಟ್ಟ ಜಾಲವನ್ನು ಫರ್ಗೆಟ್ ಮಾಡಿ, ಪಾಸ್‌ವರ್ಡ್ ಹೊಸದಾಗಿ ಕೊಟ್ಟು ಸೇರಿ. ಹಳೆಯ ವಿವರಗಳಲ್ಲಿ ಹಿಂದಿನ ಭದ್ರತಾ ಕ್ರಮ ಉಳಿದುಕೊಂಡಿದ್ದರೆ ಇಷ್ಟರಲ್ಲಿಯೇ ಸರಿಹೋಗುತ್ತದೆ.

ಆಗದಿದ್ದರೆ ರೌಟರಿನ ಭದ್ರತಾ ಕ್ರಮ ನೋಡಿ. ಡಬ್ಲ್ಯುಇಪಿ ಮತ್ತು ಟಿಕೆಐಪಿ ಎಂಬ ಹಳೆಯ ಕ್ರಮಗಳನ್ನು ಬಳಸುವ ಜಾಲಗಳ ಬಗ್ಗೆ ವಿಂಡೋಸ್ 10ರ 1903 ಆವೃತ್ತಿಯಿಂದಲೇ ಎಚ್ಚರಿಕೆ ಬರತೊಡಗಿತು. ರೌಟರನ್ನು ಡಬ್ಲ್ಯುಪಿಎ2 ಎಇಎಸ್ ಅಥವಾ ಡಬ್ಲ್ಯುಪಿಎ3ಕ್ಕೆ ಬದಲಿಸಿ. ಕಂಪ್ಯೂಟರನ್ನು ಹಿಂದಕ್ಕೆ ಎಳೆಯುವುದಕ್ಕಿಂತ ರೌಟರನ್ನು ಮುಂದಕ್ಕೆ ತರುವುದು ಎಲ್ಲ ರೀತಿಯಿಂದಲೂ ಮೇಲು. ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ: ಡಬ್ಲ್ಯುಪಿಎ2 ಮತ್ತು 3 ಎರಡೂ ಬೆರೆತ ಕ್ರಮದಲ್ಲಿ ಕೆಲವು ಹಳೆಯ ಕಾರ್ಡುಗಳು ತಡವರಿಸುತ್ತವೆ. ಪರೀಕ್ಷೆಗಾಗಿ ಬರೀ ಡಬ್ಲ್ಯುಪಿಎ2 ಇಟ್ಟು ನೋಡಿ.

ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್ ಎಂಬ ಆಯ್ಕೆ ಆನ್ ಆಗಿದ್ದರೆ ಕಂಪ್ಯೂಟರ್ ತನ್ನ ನಿಜವಾದ ಮ್ಯಾಕ್ ವಿಳಾಸ (ಅಡಾಪ್ಟರಿನ ಗುರುತು ಸಂಖ್ಯೆ) ಮರೆಮಾಡಿ ಬೇರೆ ವಿಳಾಸ ಹೇಳುತ್ತದೆ. ಗೊತ್ತಿರುವ ವಿಳಾಸಗಳನ್ನಷ್ಟೇ ಒಳಬಿಡುವಂತೆ ರೌಟರನ್ನು ಹೊಂದಿಸಿದ್ದರೆ ಅದು ಬಾಗಿಲಲ್ಲೇ ನಿಲ್ಲಿಸುತ್ತದೆ. ಅಂಥ ಜಾಲಕ್ಕೆ ಮಾತ್ರ ಆ ಆಯ್ಕೆಯನ್ನು ಆಫ್ ಮಾಡಬಹುದು.

ಮನೆಯಲ್ಲಿ ಸರಿಯಾಗಿ ಸೇರುತ್ತದೆ, ಕಚೇರಿ ಅಥವಾ ಕಾಲೇಜಿನ ಜಾಲದಲ್ಲಿ ಮಾತ್ರ ಆಗುವುದಿಲ್ಲ ಎಂದಾದರೆ ನಿಮ್ಮ ಕಂಪ್ಯೂಟರಿನಲ್ಲಿ ಏನನ್ನೂ ಕಿತ್ತುಹಾಕಬೇಡಿ. 2023ರ ಡಿಸೆಂಬರ್‌ನಲ್ಲಿ ವಿಂಡೋಸ್ 11ರ ಅಪ್‌ಡೇಟ್ ಒಂದರ ನಂತರ, ಬಳಕೆದಾರರ ಹೆಸರು ಅಥವಾ ಪ್ರಮಾಣಪತ್ರ ಕೇಳುವ 802.1ಎಕ್ಸ್ ಮಾದರಿಯ ಜಾಲಗಳಿಗೆ ಕೆಲವು ಅಡಾಪ್ಟರ್‌ಗಳು ಸೇರದೇ ಹೋದವು. ಮೈಕ್ರೋಸಾಫ್ಟ್ ದೋಷವನ್ನು ಒಪ್ಪಿಕೊಂಡು, ಆ ಬದಲಾವಣೆಯನ್ನಷ್ಟೇ ತಾನಾಗಿ ಹಿಂಪಡೆಯುವ ವಿಧಾನದಿಂದ ಸರಿಪಡಿಸಿತು. ಇಂಥ ಸಂದರ್ಭದಲ್ಲಿ ಕಂಪ್ಯೂಟರಿನ ದಿನಾಂಕ ಮತ್ತು ಸಮಯ ಸರಿಯಿದೆಯೇ ಎಂದಷ್ಟು ನೋಡಿ (ತಪ್ಪಿದ್ದರೆ ಪ್ರಮಾಣಪತ್ರ ಅಮಾನ್ಯವಾಗುತ್ತದೆ), ಉಳಿದುದನ್ನು ಅಲ್ಲಿನ ಜಾಲ ನಿರ್ವಾಹಕರಿಗೆ ಬಿಡಿ.

ಲಕ್ಷಣ: ಸೇರಿದೆ ಎನ್ನುತ್ತದೆ, ಇಂಟರ್‌ನೆಟ್ ಇಲ್ಲ

ಸೇರಿದ ಜಾಲದ ಪ್ರಾಪರ್ಟೀಸ್ ತೆರೆದು ಐಪಿವಿ4 ವಿಳಾಸ ನೋಡಿ. ಅದು 169.254ರಿಂದ ಆರಂಭವಾದರೆ ರೌಟರಿನಿಂದ ವಿಳಾಸ ಸಿಗದೆ ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ. ಐಪಿ ಅಸೈನ್‌ಮೆಂಟ್ ಆಟೋಮ್ಯಾಟಿಕ್ ಆಗಿರಲಿ, ರೌಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ವಿಳಾಸ ಸರಿಯಿದ್ದೂ ಪುಟಗಳು ತೆರೆಯದಿದ್ದರೆ ಹಳೆಯ ಪ್ರಾಕ್ಸಿ (ನಡುವಣ ಸರ್ವರ್) ಸೆಟ್ಟಿಂಗ್, ಅರ್ಧ ಜೋಡಿಸಿದ ವಿಪಿಎನ್, ಅಥವಾ ಕೈಯಾರೆ ಬರೆದಿಟ್ಟ ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕುವ ಸೇವೆ) ವಿಳಾಸ, ಈ ಮೂರರಲ್ಲಿ ಒಂದು ಸಾಮಾನ್ಯವಾಗಿ ಅಡ್ಡಿಯಾಗಿರುತ್ತದೆ.

ಇವೆಲ್ಲ ಆದ ಮೇಲೆ ನೆಟ್‌ವರ್ಕ್ ರೀಸೆಟ್. ಹಲವು ಸಲಹೆಗಳಲ್ಲಿ ಇದನ್ನು ಮೊದಲ ಹೆಜ್ಜೆಯಾಗಿ ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು. ಅದು ಎಲ್ಲ ಜಾಲ ಅಡಾಪ್ಟರ್‌ಗಳನ್ನೂ ತೆಗೆದು ಮತ್ತೆ ಕೂರಿಸುತ್ತದೆ, ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳನ್ನೆಲ್ಲ ಮರೆಯುತ್ತದೆ, ವಿಪಿಎನ್ ತಂತ್ರಾಂಶವನ್ನು ಮತ್ತೆ ಹಾಕಬೇಕಾಗಬಹುದು. ಜೊತೆಗೆ ದೋಷದ ಗುರುತುಗಳನ್ನೂ ಅಳಿಸಿಬಿಡುತ್ತದೆ. ಪಾಸ್‌ವರ್ಡ್‌ಗಳನ್ನು ಬರೆದಿಟ್ಟುಕೊಂಡು, ಬೇರೆ ದಾರಿ ಮುಗಿದಾಗ ಮಾತ್ರ ಮಾಡಿ.

ಲಕ್ಷಣ: ಸಂಪರ್ಕ ಬಂದು ಬಂದು ಹೋಗುತ್ತದೆ, ಅಥವಾ ನಿಧಾನವಾಗಿದೆ

ಲ್ಯಾಪ್‌ಟಾಪ್ ನಿದ್ರೆಯಿಂದ ಎದ್ದ ಮೇಲಷ್ಟೇ ಹೀಗಾಗುತ್ತಿದ್ದರೆ ವಿದ್ಯುತ್ ಉಳಿತಾಯದ ಕಡೆ ನೋಡಿ. ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಗುರುತನ್ನು ತೆಗೆಯಿರಿ. ಕೆಲವು ಕಂಪ್ಯೂಟರ್‌ಗಳಲ್ಲಿ ಈ ಪುಟವೇ ಇರುವುದಿಲ್ಲ. ಆಗ ಚಾರ್ಜರ್ ಹಾಕಿದಾಗಲೂ ತೊಂದರೆ ಇದೆಯೇ ಎಂಬುದನ್ನು ಹೋಲಿಸಿ ನೋಡಿ.

ಅಪ್‌ಡೇಟ್ ನಂತರ ವೇಗ ಇಳಿದಿದ್ದರೆ, ಕಂಪ್ಯೂಟರ್ 5ರ ಬದಲು 2.4 ಗಿಗಾಹರ್ಟ್ಸ್‌ಗೆ ಸೇರಿಕೊಳ್ಳುತ್ತಿರಬಹುದು. ಜಾಲದ ಪ್ರಾಪರ್ಟೀಸ್‌ನಲ್ಲಿ ನೆಟ್‌ವರ್ಕ್ ಬ್ಯಾಂಡ್ ಎಂಬ ಸಾಲು ಇದನ್ನು ಹೇಳುತ್ತದೆ. ಅಡ್ವಾನ್ಸ್ಡ್ ಪುಟದ ಪ್ರಿಫರ್ಡ್ ಬ್ಯಾಂಡ್ ಆಯ್ಕೆಯಲ್ಲಿ ಸರಿಪಡಿಸಿ. ಯುಎಸ್‌ಬಿ ಅಡಾಪ್ಟರ್ ಬಳಸುವವರು ಇನ್ನೊಂದು ವಿಷಯ ತಿಳಿದಿರಬೇಕು: ಯುಎಸ್‌ಬಿ 3 ಸಾಧನಗಳು ಮತ್ತು ಅವುಗಳ ತಂತಿಗಳು 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ರೇಡಿಯೋ ಗದ್ದಲ ಹೊಮ್ಮಿಸುತ್ತವೆ ಎಂಬುದನ್ನು ಇಂಟೆಲ್ 2012ರಲ್ಲಿಯೇ ವಿವರವಾಗಿ ಪ್ರಕಟಿಸಿದೆ. ಅಡಾಪ್ಟರಿನ ಪಕ್ಕದಲ್ಲೇ ಹೊರಗಿನ ಡಿಸ್ಕ್ ಚುಚ್ಚಿದ್ದರೆ ತೆಗೆದು ನೋಡಿ, ಅಥವಾ ಅಡಾಪ್ಟರನ್ನು ಸಣ್ಣ ವಿಸ್ತರಣಾ ತಂತಿಯಿಂದ ದೂರ ಇಡಿ. ಹೀಗೆ ಮಾಡಿದರೆ ಸರಿಹೋಗುವುದಾದರೆ ಅಪ್‌ಡೇಟ್ ನಿರಪರಾಧಿ.

ಲಕ್ಷಣ: ಸರಿಪಡಿಸಿದ್ದು ಮರುದಿನ ಮತ್ತೆ ಕೆಟ್ಟಿತು

ರೋಲ್ ಬ್ಯಾಕ್ ಮಾಡಿದ ಡ್ರೈವರನ್ನು ವಿಂಡೋಸ್ ಅಪ್‌ಡೇಟ್ ಹಳತೆಂದು ತಿಳಿದು ಮತ್ತೆ ಅದೇ ಹೊಸದನ್ನು ತಂದಿದೆ. ಮೊದಲು ಅಪ್‌ಡೇಟ್‌ಗಳನ್ನು ಒಂದೆರಡು ವಾರ ಪಾಜ್ ಮಾಡಿ (ತಡೆಹಿಡಿಯಿರಿ). ವಿಂಡೋಸ್ 11ರಲ್ಲಿ ಒಮ್ಮೆಗೆ 5 ವಾರಗಳವರೆಗೆ ಅವಕಾಶವಿದೆ. ಅಷ್ಟರಲ್ಲಿ ತಯಾರಕರಿಂದ ಇನ್ನೂ ಹೊಸ ಡ್ರೈವರ್ ಬಂದಿದೆಯೇ ನೋಡಿ. ಪ್ರೊ ಆವೃತ್ತಿಯಲ್ಲಿ, ವಿಂಡೋಸ್ ಅಪ್‌ಡೇಟ್ ಜೊತೆ ಡ್ರೈವರ್‌ಗಳು ಬೇಡ ಎನ್ನುವ ನಿಯಮವನ್ನು ಗ್ರೂಪ್ ಪಾಲಿಸಿ ಎಂಬ ನಿಯಮಗಳ ಪಟ್ಟಿಯಲ್ಲಿ ಹಾಕಬಹುದು; ಭದ್ರತಾ ಅಪ್‌ಡೇಟ್‌ಗಳು ಆಗಲೂ ಬರುತ್ತಿರುತ್ತವೆ.

ತೊಂದರೆ ಡ್ರೈವರಿನಿಂದಲ್ಲ, ವ್ಯವಸ್ಥೆಯ ಅಪ್‌ಡೇಟ್‌ನಿಂದಲೇ ಎಂದು ಕಂಡರೆ ಅಪ್‌ಡೇಟ್ ಹಿಸ್ಟರಿಯಲ್ಲಿ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ತೆರೆದು, ತೊಂದರೆ ಶುರುವಾದ ದಿನಾಂಕದ್ದನ್ನು ತೆಗೆಯಬಹುದು. ದೊಡ್ಡ ಆವೃತ್ತಿಯ ಬದಲಾವಣೆಯಾಗಿದ್ದರೆ ಸಿಸ್ಟಮ್ ರಿಕವರಿ ಪುಟದಲ್ಲಿ ಗೋ ಬ್ಯಾಕ್ ಆಯ್ಕೆ ಸಾಮಾನ್ಯವಾಗಿ 10 ದಿನ ಇರುತ್ತದೆ. ಕಡತಗಳು ಉಳಿದರೂ ನಂತರ ಹಾಕಿದ ತಂತ್ರಾಂಶಗಳು ಹೋಗುತ್ತವೆ. ಎರಡನ್ನೂ ತಾತ್ಕಾಲಿಕ ಊರುಗೋಲೆಂದೇ ತಿಳಿಯಿರಿ. 2017ರ ಅಕ್ಟೋಬರ್‌ನಲ್ಲಿ ಬಯಲಾದ ಕ್ರ್ಯಾಕ್ ಎಂಬ ದೋಷ ಡಬ್ಲ್ಯುಪಿಎ2 ಒಪ್ಪಂದದಲ್ಲಿಯೇ ಬಿರುಕು ತೋರಿಸಿತು. 2024ರ ಜೂನ್‌ನಲ್ಲಿ ವಿಂಡೋಸ್‌ನ ವೈಫೈ ಡ್ರೈವರಿನಲ್ಲಿ, ಹತ್ತಿರದಲ್ಲಿರುವ ಅಪರಿಚಿತನೊಬ್ಬ ಕಂಪ್ಯೂಟರನ್ನು ಮುಟ್ಟದೆಯೇ ದುರುಪಯೋಗಿಸಬಹುದಾದ ದೋಷಕ್ಕೆ ತೇಪೆ ಬಂತು. ಇಂಥವನ್ನು ಮುಚ್ಚುವುದು ಅಪ್‌ಡೇಟ್‌ಗಳೇ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಅಲ್ಲಿಗೆ ಶಾಶ್ವತವಾಗಿ ಮರಳುವುದನ್ನು ಪರಿಹಾರವೆಂದು ನಾನು ಸೂಚಿಸಲಾರೆ.

ಲಿನಕ್ಸ್‌ನಲ್ಲಿ: ಹೊಸ ಕರ್ನಲ್ ಬಂದ ಮೇಲೆ ವೈಫೈ ಇಲ್ಲ

ಲಿನಕ್ಸ್‌ನಲ್ಲಿ ರೋಗನಿರ್ಣಯ ಒಂದು ದೃಷ್ಟಿಯಿಂದ ಸುಲಭ, ಏಕೆಂದರೆ ಹಳೆಯ ಕರ್ನಲ್ (ವ್ಯವಸ್ಥೆಯ ತಿರುಳು) ಪಕ್ಕದಲ್ಲೇ ಕಾದಿರುತ್ತದೆ. ಕಂಪ್ಯೂಟರ್ ಏಳುವಾಗ ಗ್ರಬ್ ಎಂಬ ಆರಂಭದ ಪಟ್ಟಿಯಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಆರಿಸಿ ಹಿಂದಿನ ಕರ್ನಲ್‌ನಿಂದ ಏಳಿಸಿ. ವೈಫೈ ಬಂದರೆ ಕಾರ್ಡು ನಿರ್ದೋಷಿ, ಹೊಸ ಕರ್ನಲ್‌ಗೆ ತಕ್ಕ ಮಾಡ್ಯೂಲ್ (ಡ್ರೈವರ್) ಅಥವಾ ಫರ್ಮ್‌ವೇರ್ ಇಲ್ಲ. ಕರ್ನಲ್ ಸಂದೇಶಗಳಲ್ಲಿ ಫರ್ಮ್‌ವೇರ್ ತುಂಬಲಾಗಲಿಲ್ಲ, ದೋಷ -2 ಎಂದು ಇದ್ದರೆ ಆ ಕಡತವೇ ಇಲ್ಲವೆಂದರ್ಥ. ವಿತರಣೆಯ ಫರ್ಮ್‌ವೇರ್ ಪ್ಯಾಕೇಜನ್ನು ಹೊಸದಾಗಿ ಹಾಕಿ. ಕೆಲವು ಬ್ರಾಡ್‌ಕಾಮ್ ಕಾರ್ಡುಗಳ ಮತ್ತು ಕೆಲವು ರಿಯಲ್‌ಟೆಕ್ ಯುಎಸ್‌ಬಿ ಅಡಾಪ್ಟರ್‌ಗಳ ಡ್ರೈವರ್ ಕರ್ನಲ್‌ನ ಹೊರಗಿರುತ್ತದೆ. ಡಿಕೆಎಂಎಸ್ ಎಂಬ ತಂತ್ರಾಂಶ ಅದನ್ನು ಪ್ರತಿ ಕರ್ನಲ್‌ಗೂ ಮತ್ತೆ ಕಟ್ಟಬೇಕು. ಹೊಸ ಕರ್ನಲ್‌ನ ಹೆಡರ್ ಪ್ಯಾಕೇಜ್ ಇಲ್ಲದಿದ್ದರೆ ಕಟ್ಟುವುದು ವಿಫಲವಾಗುತ್ತದೆ. ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಆಗಿದ್ದರೆ ಕಟ್ಟಿದ ಮಾಡ್ಯೂಲಿಗೆ ನೋಂದಾಯಿತ ಸಹಿಯೂ ಬೇಕು. ರೇಡಿಯೋ ತಡೆಗಳನ್ನು ಹೇಳುವ ಆರ್‌ಎಫ್‌ಕಿಲ್ ಎಂಬ ತಂತ್ರಾಂಶ ತೋರಿಸುವ ಸಾಫ್ಟ್ ತಡೆಯನ್ನು ಆಜ್ಞೆಯಿಂದ ತೆಗೆಯಬಹುದು, ಹಾರ್ಡ್ ತಡೆಗೆ ಮಾತ್ರ ಸ್ವಿಚ್ ಅಥವಾ ಬಯಾಸ್ ನೋಡಬೇಕು.

ಮ್ಯಾಕ್‌ನಲ್ಲಿ

ಇಲ್ಲಿ ಡ್ರೈವರ್ ವ್ಯವಸ್ಥೆಯ ಭಾಗವೇ ಆಗಿರುವುದರಿಂದ ನಾವು ಬದಲಿಸಬಹುದಾದದ್ದು ಕಡಿಮೆ. ರೀಸ್ಟಾರ್ಟ್ ಮಾಡಿ, ಜಾಲವನ್ನು ಮರೆಸಿ ಮತ್ತೆ ಸೇರಿ, ವಿಪಿಎನ್ ಮತ್ತು ಭದ್ರತಾ ಶೋಧಕಗಳನ್ನು ತೆಗೆದು ನೋಡಿ. ಮ್ಯಾಕ್‌ಓಎಸ್ 15 ಸೆಕ್ವೋಯಾದಿಂದ ಪ್ರತಿ ಜಾಲಕ್ಕೂ ಖಾಸಗಿ ವೈಫೈ ವಿಳಾಸದ ಆಯ್ಕೆ ಬಂದಿದೆ. ವಿಳಾಸ ನೋಡಿ ಒಳಬಿಡುವ ಜಾಲಗಳಲ್ಲಿ ಅದನ್ನು ಆಫ್ ಮಾಡಬೇಕಾಗಬಹುದು. ಆಪ್ಷನ್ ಕೀಲಿ ಒತ್ತಿ ವೈಫೈ ಚಿಹ್ನೆ ಕ್ಲಿಕ್ ಮಾಡಿದರೆ ಸಿಗುವ ವೈರ್‌ಲೆಸ್ ಡಯಾಗ್ನಾಸ್ಟಿಕ್ಸ್ ವರದಿಯನ್ನು ಸೇವಾ ಕೇಂದ್ರಕ್ಕೆ ಒಯ್ಯಿರಿ.

ಯಂತ್ರಾಂಶದ ಮೇಲೆ ಅನುಮಾನ ಬಂದಾಗ, ಮತ್ತು ಎಲ್ಲಿ ನಿಲ್ಲಬೇಕು

ಕಂಪ್ಯೂಟರನ್ನು ಬಿಚ್ಚುವ ಮೊದಲು ಮಾಡಬೇಕಾದ ಪರೀಕ್ಷೆಯೊಂದಿದೆ. ಯುಎಸ್‌ಬಿ ಪೆನ್‌ಡ್ರೈವ್‌ನಲ್ಲಿ ಲಿನಕ್ಸ್‌ನ ಲೈವ್ ಆವೃತ್ತಿಯನ್ನು ತುಂಬಿ, ಏನನ್ನೂ ಹಾಕಿಕೊಳ್ಳದೆ ಅದರಿಂದಲೇ ಕಂಪ್ಯೂಟರನ್ನು ಏಳಿಸಿ. ಅಲ್ಲಿ ವೈಫೈ ನಡೆದರೆ ಕಾರ್ಡಿನ ಮೇಲಿನ ಅನುಮಾನ ಅಲ್ಲಿಗೇ ಮುಗಿಯಿತು. ನಡೆಯದಿದ್ದರೆ ಅದೊಂದೇ ಪೂರ್ಣ ಸಾಕ್ಷ್ಯವಲ್ಲ, ಏಕೆಂದರೆ ಆ ಕಾರ್ಡಿಗೆ ಬೇಕಾದ ಫರ್ಮ್‌ವೇರ್ ಲೈವ್ ಆವೃತ್ತಿಯಲ್ಲಿ ಇಲ್ಲದಿರಬಹುದು. ಬಯಾಸ್‌ನಲ್ಲಿ ವೈರ್‌ಲೆಸ್ ಆಫ್ ಆಗಿದೆಯೇ ಎಂಬುದನ್ನೂ ನೋಡಿ. ಬಿಟ್‌ಲಾಕರ್ ಕೀ ಕೈಯಲ್ಲಿರಲಿ. ಬಯಾಸನ್ನೇ ಹೊಸದಾಗಿಸುವುದಾದರೆ ಚಾರ್ಜರ್ ಹಾಕಿಯೇ ಮಾಡಿ, ನಡುವೆ ಯಾವ ಕಾರಣಕ್ಕೂ ಆರಿಸಬೇಡಿ.

ಬಿಚ್ಚುವವರು ಕಂಪ್ಯೂಟರನ್ನು ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ಒಳಗೆ ಮೊದಲು ಬ್ಯಾಟರಿಯ ಸಂಪರ್ಕ ಬಿಡಿಸಬೇಕು, ಮೈಯ ಸ್ಥಿರ ವಿದ್ಯುತ್ ಕಳೆಯಲು ಲೋಹವನ್ನು ಮುಟ್ಟಿಕೊಳ್ಳಬೇಕು. ಕಾರ್ಡಿನ ಮೇಲಿನ ಆಂಟೆನಾ ಕೊಂಡಿಗಳು ಬಹಳ ಸೂಕ್ಷ್ಮ. ಈ ಬಗೆಯ ಕೊಂಡಿಗಳನ್ನು ಸುಮಾರು 30 ಸಲ ಜೋಡಿಸಿ ಬಿಡಿಸಲಷ್ಟೇ ರೂಪಿಸಿರುತ್ತಾರೆ. ಹೊಸ ಕಾರ್ಡು ಕೊಳ್ಳುವುದಾದರೆ ಆಕಾರ ಹೊಂದಿದರೆ ಸಾಲದು. ಇಂಟೆಲ್‌ನ ಎಎಕ್ಸ್200, ಎಎಕ್ಸ್210 ಸಾಮಾನ್ಯ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡುಗಳು. ಎಎಕ್ಸ್201, ಎಎಕ್ಸ್211 ಮಾತ್ರ ಸಿಎನ್‌ವಿಐ ಎಂಬ ವ್ಯವಸ್ಥೆಯುಳ್ಳ ಇಂಟೆಲ್ ಕಂಪ್ಯೂಟರ್‌ಗಳಲ್ಲಷ್ಟೇ ನಡೆಯುತ್ತವೆ. ಬಿಚ್ಚುವ ಧೈರ್ಯವಿಲ್ಲದವರಿಗೆ ಒಂದು ಯುಎಸ್‌ಬಿ ವೈಫೈ ಅಡಾಪ್ಟರ್ ಅಗ್ಗದ, ಮರ್ಯಾದೆಯ ಪರಿಹಾರ.

ಬ್ಯಾಟರಿ ಉಬ್ಬಿದ್ದರೆ, ಸುಟ್ಟ ವಾಸನೆ ಬಂದರೆ, ತಳಭಾಗ ಕೈಯಿಡಲಾರದಷ್ಟು ಬಿಸಿಯಾದರೆ ಅಲ್ಲಿಗೇ ನಿಲ್ಲಿಸಿ, ಚಾರ್ಜ್ ಮಾಡುವುದನ್ನೂ ನಿಲ್ಲಿಸಿ. ಖಾತರಿ ಅವಧಿಯೊಳಗಿನ ಲ್ಯಾಪ್‌ಟಾಪನ್ನು ಬಿಚ್ಚಬೇಡಿ. ಕಚೇರಿಯವರು ಕೊಟ್ಟ ಕಂಪ್ಯೂಟರಿನಲ್ಲಿ ಡ್ರೈವರ್ ಮುಟ್ಟುವುದಕ್ಕೂ ಮೊದಲು ಅಲ್ಲಿನ ತಾಂತ್ರಿಕ ವಿಭಾಗಕ್ಕೆ ತಿಳಿಸಿ. ವೈಫೈ ಜೊತೆಗೆ ಧ್ವನಿ, ಯುಎಸ್‌ಬಿ, ಟಚ್‌ಪ್ಯಾಡ್ ಕೂಡ ಅಪ್‌ಡೇಟ್ ನಂತರ ಕೈಕೊಟ್ಟಿದ್ದರೆ, ಅಥವಾ ಪದೇ ಪದೇ ನೀಲಿ ಪರದೆ ಬರುತ್ತಿದ್ದರೆ, ತೊಂದರೆ ಅಡಾಪ್ಟರಿಗಿಂತ ದೊಡ್ಡದು. ರಿಪೇರಿಯವರ ಬಳಿ ಹೋಗುವಾಗ ಕಾರ್ಡಿನ ಹೆಸರು, ಹಾರ್ಡ್‌ವೇರ್ ಐಡಿ, ಡ್ರೈವರಿನ ಹಳೆಯ ಮತ್ತು ಹೊಸ ಆವೃತ್ತಿ, ಕಂಡ ಕೋಡ್, ಅಪ್‌ಡೇಟ್ ಆದ ದಿನಾಂಕ, ನೀವು ಮಾಡಿದ ಬದಲಾವಣೆಗಳು, ಲೈವ್ ಪರೀಕ್ಷೆಯ ಫಲಿತಾಂಶ, ಇಷ್ಟನ್ನೂ ಬರೆದ ಕಾಗದವನ್ನು ಕಂಪ್ಯೂಟರಿನ ಜೊತೆಗೇ ಕೊಡಿ. ಬಿಟ್‌ಲಾಕರ್ ಕೀಯನ್ನು ಆ ಕಾಗದದಲ್ಲಿ ಬರೆಯದೆ ನಿಮ್ಮ ಬಳಿಯೇ ಇಟ್ಟುಕೊಂಡು, ಬೇಕಾದಾಗ ಎದುರಿಗಿದ್ದು ನೀವೇ ಒತ್ತಿ.